ಪಟ್ಟಿ ಸಿಕ್ಕ ಮೇಲಿನ ಕೆಲಸ: ಸೆಕ್ಷನ್ ಕಮಾಂಡರ್ ತನ್ನ ಜವಾನರನ್ನು ತಯಾರು ಮಾಡುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಸೇನೆ ಸೇರಿದ ಹುಡುಗರು ನಾಯಕ್ ಆದ ವರ್ಷ ರಜೆಗೆ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತೋಳಿಗೆ ಎರಡು ಪಟ್ಟಿ ಬಂದವು, ಸೆಕ್ಷನ್ ಎಂಬ ಸಣ್ಣ ತುಕಡಿಯನ್ನು ಕೈಗೆ ಕೊಟ್ಟರು, ನಿನ್ನೆಯವರೆಗೆ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವರಿಗೆ ಇವತ್ತು ನಾನು ಕಲಿಸುವುದು ಹೇಗೆ? ಬಡ್ತಿಯ ಕೇಡರ್‌ನಲ್ಲಿ, ಅಂದರೆ ಬಡ್ತಿಗೆ ಮುಂಚಿನ ತರಬೇತಿಯಲ್ಲಿ, ಆದೇಶ ಕೊಡುವುದು, ನಕ್ಷೆ ಓದುವುದು, ಸ್ಕ್ವಾಡ್ ನಡೆಸುವುದು ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ಆದರೆ ಒಂಬತ್ತು ಬೇರೆ ಬೇರೆ ತಲೆಗಳನ್ನು ವರ್ಷವಿಡೀ ಬೆಳೆಸುವ ಕೆಲಸ ಕೆಲವು ವಾರಗಳ ಕೇಡರ್‌ನಲ್ಲಿ ಮುಗಿಯುವಂಥದ್ದಲ್ಲ. ನಾನು ನಿವೃತ್ತ ಹವಾಲ್ದಾರ್. ಈಗ ಕಲಬುರಗಿಯಲ್ಲಿ ಬೆಳಗಿನ ಹೊತ್ತು ಭರ್ತಿಗೆ ತಯಾರಾಗುವ ಹುಡುಗರನ್ನು ಓಡಿಸುತ್ತೇನೆ. ಹೊಸ ನಾಯಕ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜುಗಳಲ್ಲಿ ಎನ್‌ಸಿಸಿಯ ಅಂಡರ್ ಆಫೀಸರ್ ಆದವರಿಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲೇ ಒಂದು ಅಳತೆಗೋಲನ್ನು ಒಪ್ಪಿಕೊಳ್ಳೋಣ. ನೀವು ಇಲ್ಲದ ದಿನ ನಿಮ್ಮ ಸೆಕ್ಷನ್ ಹೇಗೆ ನಡೆಯುತ್ತದೆ ಎಂಬುದೇ ನೀವು ಕೊಟ್ಟ ತರಬೇತಿಯ ಫಲಿತಾಂಶ. 1948ರ ಫೆಬ್ರವರಿ 6ರಂದು ಜಮ್ಮು-ಕಾಶ್ಮೀರದ ನೌಶೇರಾ ವಲಯದ ತೈನ್ ಧಾರ್‌ನಲ್ಲಿ ನಾಯಕ್ ಜದುನಾಥ್ ಸಿಂಗ್ ಅವರ ಮುಂಚೂಣಿ ಪಿಕೆಟ್‌ನಲ್ಲಿ ಇದ್ದವರು ಒಂಬತ್ತೇ ಜನ. ದಾಳಿಯ ಮೇಲೆ ದಾಳಿ ಬಂದು ಜನ ಗಾಯಗೊಳ್ಳುತ್ತಾ ಹೋದಂತೆ ಅವರು ಉಳಿದವರನ್ನು ಮತ್ತೆ ಮತ್ತೆ ಜೋಡಿಸಿ ನಿಲ್ಲಿಸಿದರು. ಬ್ರೆನ್ ಎಂಬ ಲಘು ಮೆಷಿನ್ ಗನ್ ನಡೆಸುತ್ತಿದ್ದವನು ಗಾಯಗೊಂಡಾಗ ಆ ಗನ್ ಹಿಡಿದವರೂ ಅವರೇ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಆ ಘಟನೆಯನ್ನು ಶೌರ್ಯದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಕಲಿಸುವವನು ಅದರಲ್ಲಿ ಇನ್ನೊಂದು ಸಂಗತಿಯನ್ನೂ ನೋಡಬೇಕು. ಸಣ್ಣ ತುಕಡಿಯಲ್ಲಿ ಒಬ್ಬನ ಕೆಲಸ ಯಾವ ಗಳಿಗೆಯಲ್ಲಾದರೂ ಇನ್ನೊಬ್ಬನ ಮೇಲೆ ಬೀಳುತ್ತದೆ. ನಾಯಕನಿಗೆ ಎಲ್ಲರ ಕೆಲಸ ಗೊತ್ತಿರಬೇಕು, ಉಳಿದವರಲ್ಲಿ ಕೆಲವರಿಗಾದರೂ ನಾಯಕನ ಕೆಲಸ ಗೊತ್ತಿರಬೇಕು.

ಹೊಸ ನಾಯಕ್‌ಗೆ ಇಲ್ಲೇ ಒಂದು ಅಳುಕು ಇರುತ್ತದೆ. ಎಲ್ಲವನ್ನೂ ಕಲಿಸಿಬಿಟ್ಟರೆ ನನ್ನ ಬೆಲೆ ಏನು ಎಂದು ಒಂದೆರಡು ಹಿಕ್ಮತ್ತುಗಳನ್ನು ಕಿಸೆಯಲ್ಲೇ ಇಟ್ಟುಕೊಳ್ಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಂಥವರು ರಜೆಗೆ ಹೋದಾಗ ಸೆಕ್ಷನ್ ಕುಂಟುತ್ತದೆ. ಪ್ಲಟೂನಿನ ಜೆಸಿಒ, ಅಂದರೆ ಸುಬೇದಾರ್ ದರ್ಜೆಯ ಅಧಿಕಾರಿ, ಅದನ್ನು ಮೊದಲ ದಿನವೇ ಗಮನಿಸುತ್ತಾರೆ.

ಮೊದಲ ತಿಂಗಳು: ಜನರನ್ನು ತಿಳಿಯಿರಿ

ಒಂದು ಸಣ್ಣ ನೋಟ್‌ಬುಕ್ ಇಡಿ. ಒಬ್ಬೊಬ್ಬನಿಗೆ ಎರಡು ಪುಟ. ಬಲಬದಿಯಲ್ಲಿ ಕೆಲಸದ ವಿವರ: ಕಳೆದ ಫೈರಿಂಗ್‌ನ ಫಲಿತಾಂಶ, ಬಿಪಿಇಟಿ ಎಂಬ ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ ಎಲ್ಲಿ ಸೋಲುತ್ತಾನೆ, ನಕ್ಷೆ ಗೊತ್ತೇ, ರೇಡಿಯೋ ಗೊತ್ತೇ, ಈಜು ಬರುತ್ತದೆಯೇ, ಪ್ರಥಮ ಚಿಕಿತ್ಸೆ ಎಷ್ಟು ಬರುತ್ತದೆ. ಎಡಬದಿಯಲ್ಲಿ ಮನುಷ್ಯನ ವಿವರ: ಊರು, ಓದು, ಮನೆಯಲ್ಲಿ ಯಾರಿದ್ದಾರೆ, ಹೆಂಡತಿಗೆ ಹೆರಿಗೆ ಯಾವಾಗ, ತಂದೆಗೆ ಏನು ಕಾಯಿಲೆ. ಇದನ್ನು ಜವಾನನ ಎದುರು ಕುಳಿತು ಅರ್ಜಿ ತುಂಬಿಸಿದಂತೆ ಕೇಳಿ ಬರೆಯಬೇಡಿ. ಗಸ್ತಿನಲ್ಲಿ, ಚಹಾದ ಹೊತ್ತಿನಲ್ಲಿ, ಗಾಡಿಯ ಹಿಂದೆ ಕುಳಿತಾಗ ಮಾತು ತಾನಾಗಿ ಬರುತ್ತದೆ. ರಾತ್ರಿ ಬರೆದಿಟ್ಟುಕೊಳ್ಳಿ. ಪುಸ್ತಕ ಬೇರೆಯವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಘಟಕದ ಹೆಸರು, ತೈನಾತಿಯ ಜಾಗ, ಹತ್ಯಾರುಗಳ ಸಂಖ್ಯೆ ಅದರಲ್ಲಿ ಇರಕೂಡದು.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಭಾಗದ ಹುಡುಗರಿಗೆ ಹಿಂದಿ ಹೊಸದಲ್ಲ ಎಂಬ ಧೈರ್ಯವಿರುತ್ತದೆ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ನೆಲ ಇದು, ದಖನಿಯನ್ನು ಕೇಳುತ್ತಲೇ ಬೆಳೆದಿರುತ್ತಾರೆ. ಆದರೆ ಪರೇಡ್ ಮೈದಾನದಲ್ಲಿ ಉಸ್ತಾದರ ಎದುರು ದಖನಿಯಲ್ಲಿ ‘ನಕ್ಕೋ’ (ಬೇಡ) ಎಂದರೆ ಇಡೀ ಸ್ಕ್ವಾಡ್ ನಗುತ್ತದೆ, ನಕ್ಕ ಮೇಲೆ ಆ ಹುಡುಗ ಒಂದು ತಿಂಗಳು ಬಾಯಿ ಬಿಡುವುದಿಲ್ಲ. ಬಾಯಿ ಬಿಡದವನನ್ನು ದಡ್ಡ ಎಂದು ಬರೆದುಕೊಳ್ಳುವ ತಪ್ಪು ಸುಲಭವಾಗಿ ಆಗುತ್ತದೆ. ಅವನಿಗೆ ವಿಷಯ ಗೊತ್ತಿಲ್ಲವೋ ಮಾತು ಗೊತ್ತಿಲ್ಲವೋ ಎಂಬುದನ್ನು ಕೈಯಿಂದ ಮಾಡಿಸಿ ನೋಡಿ. ಆದೇಶದ ಹಿಂದಿಯನ್ನು ಪ್ರತ್ಯೇಕವಾಗಿ, ದಿನಕ್ಕೆ ಹತ್ತು ಮಾತಿನಂತೆ, ಒಬ್ಬ ಗೆಳೆಯನ ಜೊತೆ ಜೋಡಿ ಮಾಡಿ ಕಲಿಸಿ.

ಏನು ಕಲಿಸಬೇಕು ಎಂಬುದನ್ನು ಕಡಿಮೆ ಮಾಡಿಕೊಳ್ಳಿ

ಎಲ್ಲವನ್ನೂ ಕಲಿಸಹೊರಟವನ ಸೆಕ್ಷನ್‌ಗೆ ಯಾವುದೂ ಬರುವುದಿಲ್ಲ. ಮುಂದಿನ ಮೂರು ತಿಂಗಳಲ್ಲಿ ಪ್ಲಟೂನಿನ ಕೆಲಸ ಏನು ಎಂದು ನಿಮ್ಮ ಸುಬೇದಾರರನ್ನು ಕೇಳಿ. ಗುಡ್ಡಗಾಡಿಗೆ ಹೋಗುವುದಿದ್ದರೆ ಒಂದು ಪಟ್ಟಿ, ಫೈರಿಂಗ್ ರೇಂಜ್ ಬರುವುದಿದ್ದರೆ ಇನ್ನೊಂದು. ನಾಲ್ಕೈದು ಕೆಲಸಗಳನ್ನು ಆರಿಸಿ. ಪ್ರತಿಯೊಂದಕ್ಕೂ ಎಂಥ ಪರಿಸ್ಥಿತಿಯಲ್ಲಿ, ಎಷ್ಟು ಹೊತ್ತಿನಲ್ಲಿ, ಯಾವ ಮಟ್ಟಕ್ಕೆ ಎಂದು ಬರೆಯಿರಿ. ‘ಪ್ರಥಮ ಚಿಕಿತ್ಸೆ ಚೆನ್ನಾಗಿ ಬರಬೇಕು’ ಎಂದು ಬರೆದರೆ ಅಳೆಯಲು ಬರುವುದಿಲ್ಲ. ‘ಕತ್ತಲಲ್ಲಿ, ಮಲಗಿಕೊಂಡೇ, ತನ್ನ ತೊಡೆಗೆ ತಾನೇ ಒಂದು ನಿಮಿಷದೊಳಗೆ ಟೂರ್ನಿಕೆ (ರಕ್ತ ನಿಲ್ಲಿಸುವ ಪಟ್ಟಿ) ಬಿಗಿಯಬೇಕು’ ಎಂದು ಬರೆದರೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ಕಲಿಸುವ ಕ್ರಮ

ಎನ್‌ಸಿಸಿಯಲ್ಲಿದ್ದವರಿಗೂ ಬಾಯಿಪಾಠವಾಗಿರುವ ಕ್ರಮ ಇದೆ: ಶುರುವಿನಲ್ಲಿ ಕ್ಲಾಸಿನ ಗಿಣತಿ (ಎಣಿಕೆ), ಹತ್ಯಾರಿನ ನಿರೀಕ್ಷಣೆ (ತಪಾಸಣೆ), ಹಿಂದಿನ ಪಾಠದ ದೋಹರಾಯಿ (ಪುನರಾವರ್ತನೆ), ಉದ್ದೇಶ, ಆಮೇಲೆ ಪಾಠವನ್ನು ಭಾಗ ಮಾಡಿಕೊಂಡು ಪ್ರತಿ ಭಾಗಕ್ಕೆ ಬಯಾನ್ (ವಿವರಣೆ), ನಮೂನಾ (ಮಾಡಿ ತೋರಿಸುವುದು), ಅಭ್ಯಾಸ್. ಈ ಕ್ರಮ ಹಳೆಯದು, ಚೆನ್ನಾಗಿ ಪಳಗಿದ್ದು. ಕೆಡುವುದು ಅದನ್ನು ಬಳಸುವ ಅನುಪಾತದಲ್ಲಿ. ನಲವತ್ತು ನಿಮಿಷದ ಪಾಠದಲ್ಲಿ ಮೂವತ್ತು ನಿಮಿಷ ಬಯಾನ್ ಹೊಡೆದು, ಐದು ನಿಮಿಷ ನಮೂನಾ ತೋರಿಸಿ, ಅಭ್ಯಾಸಕ್ಕೆ ಬಂದಾಗ ಸೀಟಿ ಊದುವವರು ಬಹಳ. ಅದನ್ನು ತಿರುಗಿಸಿ. ಬಯಾನ್ ಐದು ನಿಮಿಷ ಸಾಕು.

ನಮೂನಾವನ್ನು ಮೊದಲ ಸಲ ಮಾತಿಲ್ಲದೆ, ನಿಜವಾದ ವೇಗದಲ್ಲಿ ತೋರಿಸಿ. ಕೆಲಸ ಮುಗಿದಾಗ ಹೇಗೆ ಕಾಣುತ್ತದೆ ಎಂಬ ಚಿತ್ರ ಕಣ್ಣಿಗೆ ಹತ್ತಲಿ. ಎರಡನೇ ಸಲ ನಿಧಾನವಾಗಿ, ಒಂದೊಂದೇ ಚಲನೆ ಹೇಳುತ್ತಾ ತೋರಿಸಿ. ಮೂರನೇ ಸಲ ಜವಾನನೊಬ್ಬ ಬಾಯಿಯಿಂದ ಹೇಳಲಿ, ನೀವು ಅವನು ಹೇಳಿದಷ್ಟನ್ನೇ ಮಾಡಿ. ಅವನು ಒಂದು ಹೆಜ್ಜೆ ಬಿಟ್ಟರೆ ನೀವೂ ಬಿಡಿ. ಎಲ್ಲರೂ ನಗುತ್ತಾರೆ, ಬಿಟ್ಟ ಹೆಜ್ಜೆ ಯಾರಿಗೂ ಮರೆಯುವುದಿಲ್ಲ. ಹತ್ಯಾರಿನ ಪಾಠದಲ್ಲಿ ಮಾತ್ರ ಈ ಆಟ ಬೇಡ. ತಪ್ಪಾದ, ಅಪಾಯದ ನಮೂನಾವನ್ನು ತಮಾಷೆಗೂ ತೋರಿಸಬಾರದು. ಪಾಠದ ಆರಂಭದಲ್ಲೂ ಕೊನೆಯಲ್ಲೂ ಹತ್ಯಾರು ಖಾಲಿಯೇ ಎಂದು ನೋಡುವುದನ್ನು ನೀವು ಒಂದು ದಿನ ತಪ್ಪಿಸಿದರೆ ಅವರು ಹತ್ತು ದಿನ ತಪ್ಪಿಸುತ್ತಾರೆ.

ಪ್ರಶ್ನೆ ಕೇಳುವಾಗ ಹೆಸರನ್ನು ಕೊನೆಗೆ ಹೇಳಿ. ಮೊದಲು ಪ್ರಶ್ನೆ, ಆಮೇಲೆ ಮೂರು ನಾಲ್ಕು ಉಸಿರಿನಷ್ಟು ಮೌನ, ಆಮೇಲೆ ಹೆಸರು. ಹೆಸರನ್ನು ಮೊದಲೇ ಕರೆದರೆ ಉಳಿದ ಎಂಟು ಜನ ಆ ಕ್ಷಣವೇ ಯೋಚನೆ ನಿಲ್ಲಿಸುತ್ತಾರೆ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಯನ್ನು ಬಿಟ್ಟೇಬಿಡಿ. ಸೇನೆಯಲ್ಲಿ ಅದಕ್ಕೆ ಇರುವುದು ಒಂದೇ ಉತ್ತರ.

ಫೈರಿಂಗ್‌ಗೆ ಇದೇ ಕ್ರಮವನ್ನು ಹೊಂದಿಸಿ ನೋಡಿ. ದುರುಸ್ತ್ ಪಕಡ್ (ಸರಿಯಾದ ಹಿಡಿತ), ದುರುಸ್ತ್ ಶಿಸ್ತ್ (ಸರಿಯಾದ ಗುರಿ), ದುರುಸ್ತ್ ಟ್ರಿಗರ್ ಆಪರೇಷನ್ ಎಂಬ ಮೂರನ್ನು ಎಲ್ಲರೂ ಒದರುತ್ತಾರೆ. ರೇಂಜಿಗೆ ಹೋಗುವ ವಾರ ಮೊದಲು, ನಿರೀಕ್ಷಣೆಯಾದ ಖಾಲಿ ಹತ್ಯಾರಿನಲ್ಲಿ, ಬ್ಯಾರಲ್ ಮೇಲೆ ಒಂದು ನಾಣ್ಯ ಇಟ್ಟು ಟ್ರಿಗರ್ ಒತ್ತಿಸಿ. ನಾಣ್ಯ ಬಿದ್ದರೆ ಬೆರಳು ಎಳೆಯುತ್ತಿದೆ, ಒತ್ತುತ್ತಿಲ್ಲ. ಒಂದು ಗುಂಡೂ ಖರ್ಚಾಗದೆ ಅರ್ಧ ಕೆಲಸ ಇಲ್ಲೇ ಆಗುತ್ತದೆ. ರೇಂಜಿನಲ್ಲಿ ಟಾರ್ಗೆಟ್ ಕಾಗದವನ್ನು ಅವನೊಂದಿಗೆ ಕುಳಿತು ಓದಿ. ಗುಂಡುಗಳೆಲ್ಲ ಒಂದೆಡೆ ಗುಂಪಾಗಿ ಬಿದ್ದು ಆ ಗುಂಪು ಮಧ್ಯದಿಂದ ಸರಿದಿದ್ದರೆ ಹುಡುಗ ಸರಿಯಾಗಿದ್ದಾನೆ. ಹತ್ಯಾರಿನ ಝೀರೋಯಿಂಗ್ (ಗುಂಡು ಗುರಿಗೇ ಬೀಳುವಂತೆ ಸೈಟ್ ಹೊಂದಿಸುವುದು) ಅಥವಾ ಅವನು ಗುರಿ ಹಿಡಿಯುವ ಬಿಂದು ನೋಡಬೇಕು. ಚದುರಿ ಬಿದ್ದಿದ್ದರೆ ಸೈಟ್ ತಿರುಗಿಸುವುದರಿಂದ ಏನೂ ಆಗದು. ಪಕಡ್, ಉಸಿರು, ಬೆರಳು, ಇವುಗಳಿಗೆ ಹಿಂದಿರುಗಬೇಕು. ಈ ವ್ಯತ್ಯಾಸ ಹೇಳದೆ ‘ಇನ್ನೂ ಚೆನ್ನಾಗಿ ಹೊಡಿ’ ಎನ್ನುವುದು ತರಬೇತಿ ಹೇಗಾದೀತು?

ಖರ್ಚಿಲ್ಲದ ಒಂದು ಪಾಠ: ದೂರದ ಅಂದಾಜು

ರಜೆಯಲ್ಲಿದ್ದಾಗ ನಮ್ಮ ಹುಡುಗರ ಗುಂಪಿಗೆ ಪಾಠ ಮಾಡಲು ಬಂದ ನಾಯಕ್ ಒಬ್ಬರಿಗೆ ನಾನು ಕೊಟ್ಟ ವಿಷಯ ಇದು. ಕಾಲು, ಕಣ್ಣು, ತುಂಡು ಕಾಗದ ಇದ್ದರೆ ಸಾಕು. ಕಲಬುರಗಿಯಿಂದ ಜೇವರ್ಗಿ ದಾರಿ ಹಿಡಿದು ಊರು ದಾಟಿದರೆ ಬಯಲು. ತೊಗರಿ ಕೊಯ್ಲಾದ ಮೇಲೆ ಕಪ್ಪು ಹೊಲ ಖಾಲಿಯಾಗಿ ಕಣ್ಣಿಗೆ ಅಡ್ಡವೇ ಇರುವುದಿಲ್ಲ.

ಮೊದಲು ನೂರು ಮೀಟರ್ ಅಳೆದು ಎಲ್ಲರನ್ನೂ ನಡೆಸಿ. ತನ್ನ ನೂರು ಮೀಟರ್‌ಗೆ ತನ್ನ ಹೆಜ್ಜೆ ಎಷ್ಟು ಎಂದು ಪ್ರತಿಯೊಬ್ಬನೂ ತಿಳಿದಿರಬೇಕು. ಎತ್ತರದ ಹುಡುಗನ ಲೆಕ್ಕ ಗಿಡ್ಡ ಹುಡುಗನಿಗೆ ಹೊಂದದು. ಆಮೇಲೆ ಒಂದು ಬೇವಿನ ಮರವನ್ನೋ ವಿದ್ಯುತ್ ಕಂಬವನ್ನೋ ತೋರಿಸಿ ದೂರ ಬರೆಯಲು ಹೇಳಿ. ಬಾಯಿಯಿಂದ ಹೇಳಿಸಿದರೆ ಮೊದಲು ಹೇಳಿದವನ ಅಂಕಿಯ ಆಚೀಚೆಯೇ ಎಲ್ಲರೂ ಸುತ್ತುತ್ತಾರೆ. ಆದ್ದರಿಂದ ಕಾಗದ. ಎಲ್ಲ ಉತ್ತರಗಳನ್ನು ಕೂಡಿಸಿ ಭಾಗಿಸಿ. ಸೇನೆಯಲ್ಲಿ ಇದಕ್ಕೆ ಸೆಕ್ಷನ್ ಸರಾಸರಿ ಎನ್ನುತ್ತಾರೆ, ಬಹಳ ಸಲ ಅದು ಒಬ್ಬೊಬ್ಬನ ಅಂದಾಜಿಗಿಂತ ನಿಜಕ್ಕೆ ಹತ್ತಿರವಿರುತ್ತದೆ. ಬಳಿಕ ಎಲ್ಲರೂ ಹೆಜ್ಜೆ ಎಣಿಸುತ್ತಾ ಕಂಬದವರೆಗೆ ಹೋಗಿ ನೋಡಿ. ಹೋಗಿ ನೋಡದಿದ್ದರೆ ಪಾಠವೇ ಆಗಲಿಲ್ಲ.

ಬಯಲಿನಲ್ಲಿ ಬಹುಪಾಲು ಹುಡುಗರು ದೂರವನ್ನು ಕಡಿಮೆ ಹೇಳುತ್ತಾರೆ. ಕಾರಣವನ್ನು ಅವರಿಂದಲೇ ಹೊರಡಿಸಿ: ಒಂದೇ ಸಮನಾದ ನೆಲದ ಮೇಲೆ, ಸೂರ್ಯ ಬೆನ್ನಿಗಿರುವಾಗ, ಸ್ವಚ್ಛ ಬೆಳಕಿನಲ್ಲಿ ವಸ್ತು ಹತ್ತಿರ ಕಾಣುತ್ತದೆ. ನಡುವೆ ಕಣ್ಣಿಗೆ ಬೀಳದ ಹಳ್ಳವಿದ್ದರೂ ಹಾಗೆಯೇ. ಇಳಿಬೆಳಕಿನಲ್ಲಿ ಅಥವಾ ತಗ್ಗಿನಿಂದ ಮೇಲೆ ನೋಡುವಾಗ ದೂರ ಕಾಣುತ್ತದೆ. ಯಾದಗಿರಿಯ ಹುಡುಗರಿಗೆ ಇದನ್ನು ತೋರಿಸಲು ಊರಿನ ಕೋಟೆಯ ಗುಡ್ಡವೇ ಇದೆ. ಕೆಳಗೆ ನಿಂತು ಮೇಲಿನ ಬುರುಜಿಗೆ ಒಂದು ಅಂಕಿ, ಮೇಲೆ ಹತ್ತಿ ಕೆಳಗೆ ನಿಂತ ಜಾಗಕ್ಕೆ ಇನ್ನೊಂದು ಅಂಕಿ ಬರೆಸಿ. ಒಂದೇ ದೂರಕ್ಕೆ ಒಬ್ಬನೇ ಹುಡುಗ ಎರಡು ಉತ್ತರ ಬರೆದಿರುತ್ತಾನೆ.

ಇಂಥ ಪಾಠಗಳನ್ನು ಐದಾರು ಸಿದ್ಧವಾಗಿಟ್ಟುಕೊಳ್ಳಿ. ಗಾಡಿ ಬರುವುದು ತಡವಾದಾಗ, ಲಂಗರಿನ (ಊಟದ ಮನೆಯ) ಸಾಲು ನಿಂತಾಗ, ಮಳೆ ನಿಲ್ಲಲಿ ಎಂದು ಕಾಯುವಾಗ ಹೊರತೆಗೆಯಿರಿ. ಸಾಪ್ತಾಹಿಕ ಕಾರ್ಯಕ್ರಮದಲ್ಲಿ ನಿಮಗೆಂದು ಸಿಗುವ ಹೊತ್ತು ಬಹಳ ಕಡಿಮೆ. ಸಿಕ್ಕಿದ್ದನ್ನೂ ಫಟೀಗ್ (ಗುಡಿಸುವ, ಹೊರುವಂಥ ಕೆಲಸ) ತಿನ್ನುತ್ತದೆ. ಕಾಯುವ ಹೊತ್ತು ಮಾತ್ರ ಯಾವಾಗಲೂ ಇದ್ದೇ ಇರುತ್ತದೆ.

ಮೈಯನ್ನು ಹದಗೊಳಿಸುವಾಗ

ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಮಾಮೂಲು. ‘ನಾವು ಬಿಸಿಲನ್ನೇ ಉಂಡು ಬೆಳೆದವರು’ ಎಂಬ ಹಮ್ಮಿನಲ್ಲಿ ಮಧ್ಯಾಹ್ನ ಓಡಿಸುವವರಿದ್ದಾರೆ. ಬಿಸಿಲಿಗೆ ಮೈ ಒಗ್ಗುವುದು ನಿಜ, ಆದರೆ ಅದಕ್ಕೆ ದಿನಾ ಸ್ವಲ್ಪ ಸ್ವಲ್ಪವಾಗಿ ಸುಮಾರು ಎರಡು ವಾರ ಬೇಕು. ತಂಪು ಪ್ರದೇಶದಿಂದ ರಜೆಗೆ ಬಂದವನಿಗೆ ಹುಟ್ಟೂರಿನ ಬಿಸಿಲೂ ಹೊಸದೇ. ಓಟವನ್ನು ಸೂರ್ಯ ಏರುವ ಮೊದಲು ಮುಗಿಸಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬ ಇನ್ನೊಬ್ಬನ ನೀರು ಮತ್ತು ಮುಖ ನೋಡಲಿ. ಮೂತ್ರ ಗಾಢ ಹಳದಿಯಾಗಿದ್ದರೆ ಆ ದಿನ ಓಟ ಬೇಡ. ಓಡುತ್ತಿದ್ದ ಹುಡುಗ ತೊದಲಿದರೆ, ಅಸಂಬದ್ಧ ಮಾತಾಡಿದರೆ, ಕಾಲು ಸೊಟ್ಟ ಹಾಕಿದರೆ ಬೆವರು ಬರುತ್ತಿದ್ದರೂ ಉಷ್ಣಾಘಾತವೆಂದೇ ತಿಳಿಯಿರಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ ಇರಿ, ಜೊತೆಗೇ ಗಾಡಿ ಕರೆಸಿ. ತಣಿಸದೆ ಆಸ್ಪತ್ರೆಗೆ ಓಡಿಸುವುದು ಸರಿಯಲ್ಲ.

ಇದೇ ಶಿಸ್ತು ಎತ್ತರದ ಪ್ರದೇಶದಲ್ಲಿ ಬೇರೆ ರೂಪ ತಾಳುತ್ತದೆ. 9,000ದಿಂದ 12,000 ಅಡಿಯವರೆಗೆ ಆರು ದಿನ, ಅಲ್ಲಿಂದ 15,000 ಅಡಿಯವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ಮೈ ಒಗ್ಗಿಸಿಕೊಳ್ಳುವುದು ನಮ್ಮ ಸೇನೆಯ ಕ್ರಮ. ಮೊದಲೆರಡು ದಿನ ಬರೀ ವಿಶ್ರಾಂತಿ. ಅದನ್ನು ಮುರಿಯುವವರು ಹೆಚ್ಚಾಗಿ ಗಟ್ಟಿ ಹುಡುಗರೇ, ತಮಗೇನೂ ಆಗದು ಎಂದು. ಓಟದಲ್ಲಿ ಮೊದಲು ಬರುವವನ ಮೇಲೆಯೇ ಹೆಚ್ಚು ಕಣ್ಣಿಡಿ.

ಕೈ ಬಿಡುವುದನ್ನು ಕಲಿಯಿರಿ

ಇಷ್ಟು ಹೊತ್ತು ಹೇಳಿದ್ದು ಕೌಶಲ. ಮುಂದಿನದು ಕಷ್ಟದ ಭಾಗ. ನಿಮ್ಮ ಟುಐಸಿ, ಅಂದರೆ ನಿಮ್ಮ ನಂತರದ ಸ್ಥಾನದಲ್ಲಿರುವ ಲ್ಯಾನ್ಸ್ ನಾಯಕ್, ನಿಮ್ಮ ನೆರಳಾಗಿ ಓಡಾಡುತ್ತಿದ್ದರೆ ಅವನು ಬೆಳೆಯುತ್ತಿಲ್ಲ. ವಾರಕ್ಕೊಂದು ಕೆಲಸವನ್ನು ಪೂರ್ತಿ ಅವನಿಗೆ ಕೊಡಿ. ಏನು ಆಗಬೇಕು, ಎಷ್ಟು ಹೊತ್ತಿನೊಳಗೆ, ಏನು ಮಾಡಕೂಡದು, ಈ ಮೂರನ್ನು ಹೇಳಿ ಸುಮ್ಮನಾಗಿ. ಹೇಗೆ ಎಂಬುದು ಅವನದು. ಆದೇಶವನ್ನು ಅವನು ಮರಳಿ ಒಪ್ಪಿಸಲಿ; ನೀವು ಹೇಳಿದ್ದಕ್ಕೂ ಅವನು ಕೇಳಿಸಿಕೊಂಡದ್ದಕ್ಕೂ ಎಷ್ಟು ಅಂತರವಿದೆ ಎಂಬುದು ಆಗ ತಿಳಿಯುತ್ತದೆ.

ನಡುವೆ ಬಾಯಿ ಹಾಕಬೇಕೆನ್ನಿಸುತ್ತದೆ. ಯಾರಿಗಾದರೂ ಪೆಟ್ಟಾಗುವ, ಸರ್ಕಾರಿ ಸಾಮಾನು ಹಾಳಾಗುವ, ಕಾನೂನು ಮುರಿಯುವ ಹಾಗಿದ್ದರೆ ತಕ್ಷಣ ನಿಲ್ಲಿಸಿ. ಉಳಿದದ್ದು ಸುತ್ತಿನ ದಾರಿಯಾಗಲಿ, ಹತ್ತು ನಿಮಿಷ ತಡವಾಗಲಿ, ಆಗಲಿ ಬಿಡಿ. ಅಡುಗೆ ಕಲಿಯುವ ಸೊಸೆಯ ಹಿಂದೆ ನಿಂತು ಉಪ್ಪು ಹಾಕುವ ಅತ್ತೆಯ ಮನೆಯಲ್ಲಿ ಸಾರು ಕೆಡುವುದಿಲ್ಲ, ಸೊಸೆ ಕಲಿಯುವುದೂ ಇಲ್ಲ.

ಟುಐಸಿಯಷ್ಟಕ್ಕೇ ನಿಲ್ಲಿಸಬೇಡಿ. ಅಭ್ಯಾಸದ ನಡುವೆ ‘ಕಮಾಂಡರ್ ಗಾಯಗೊಂಡರು, ಟುಐಸಿಯೂ ಗಾಯಗೊಂಡರು’ ಎಂದು ಘೋಷಿಸಿ ಇಬ್ಬರೂ ಕುಳಿತುಬಿಡಿ. ಮೊದಲ ಸಲ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೂರನೇ ಸಲದ ಹೊತ್ತಿಗೆ ಯಾರಾದರೂ ಒಬ್ಬ ದನಿ ಎತ್ತುತ್ತಾನೆ. ಬಹಳ ಸಲ ಆ ದನಿ ನೀವು ಅಂದುಕೊಂಡವನದ್ದಾಗಿರುವುದಿಲ್ಲ. ಅವನ ಹೆಸರು ನೋಟ್‌ಬುಕ್ಕಿಗೆ.

ಯೋಜನೆ ವಿವರಿಸಲು ಸ್ಯಾಂಡ್ ಮಾಡೆಲ್ ಮಾಡಿಸುವುದನ್ನೂ ಜವಾನರಿಗೇ ಬಿಡಿ. ನಕ್ಷೆ ನೋಡಿ ಕಣ್ಣು ಪಿಳಿಪಿಳಿ ಬಿಡುವವನೂ ಕೈಯಿಂದ ಮಣ್ಣು ಒಟ್ಟಿ ಗುಡ್ಡ ಮಾಡಿ, ನೀಲಿ ದಾರ ಎಳೆದು ಹಳ್ಳ ಮಾಡಿದ ಮೇಲೆ ಸಮೋನ್ನತಿ ರೇಖೆಯ ಅರ್ಥ ಹಿಡಿಯುತ್ತಾನೆ. ಇಲ್ಲಿ ಹುಡುಗರಿಗೆ ನಾನು ಅವರವರ ಊರನ್ನೇ ಮಾಡಿಸುತ್ತೇನೆ: ಹಳ್ಳ, ಗುಡಿ, ಕಲ್ಲಿನ ಗಣಿ, ರೈಲು ಹಳಿ. ಚಿತ್ತಾಪುರ, ಶಹಾಬಾದ್ ಕಡೆಯವರು ಗಣಿಯ ಹೊಂಡಗಳನ್ನು ಬಲು ಮುತುವರ್ಜಿಯಿಂದ ಮಾಡುತ್ತಾರೆ.

ಕಲಿತವನಿಗೆ ಕಲಿಸುವ ಕೆಲಸ ಕೊಡುವುದು ಈ ಭಾಗದ ಕೊನೆಯ ಮೆಟ್ಟಿಲು. ರೇಡಿಯೋ ಚೆನ್ನಾಗಿ ಬಲ್ಲ ಜವಾನ ಆ ಪಾಠವನ್ನು ನಿಮ್ಮ ಬದಲು ಮಾಡಲಿ, ನೀವು ಸಾಲಿನಲ್ಲಿ ಕುಳಿತುಕೊಳ್ಳಿ. ಹಿಂದಿನ ರಾತ್ರಿ ಅವನ ಪಾಠವನ್ನು ಒಮ್ಮೆ ಕೇಳಿರಿ, ಅಷ್ಟು ಸಾಕು.

ಆದದ್ದನ್ನು ಮಾತಾಡುವುದು

ಬೀದರಿನವರು ತಲೆಯ ಮೇಲೆ ಹಾಕ್ ಎಂಬ ತರಬೇತಿ ಜೆಟ್ ವಿಮಾನಗಳ ಸದ್ದು ಕೇಳುತ್ತಲೇ ಇರುತ್ತಾರೆ. ಯುದ್ಧವಿಮಾನಕ್ಕೆ ಹೋಗುವ ಪೈಲಟ್‌ಗಳು ತರಬೇತಿ ಪಡೆಯುವ ವಾಯುನೆಲೆ ಅದು. 1996ರಲ್ಲಿ ಆರಂಭವಾದ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಪೈಲಟ್ ತರಬೇತಿಯಲ್ಲಿ ಹಾರಾಟದ ಮೊದಲು ಬ್ರೀಫಿಂಗ್, ಇಳಿದ ಮೇಲೆ ಡಿಬ್ರೀಫಿಂಗ್ ಇಲ್ಲದೆ ಆ ಹಾರಾಟ ಮುಗಿಯಿತು ಎಂದು ಲೆಕ್ಕವಿಲ್ಲ. ಕಾಲಾಳಿನ ಸೆಕ್ಷನ್‌ನಲ್ಲಿ ಮಾತ್ರ ಅಭ್ಯಾಸ ಮುಗಿದ ಕೂಡಲೇ ಹತ್ಯಾರು ಸಾಫ್, ಚಹಾ, ಮಂಚ.

ಹದಿನೈದು ನಿಮಿಷ ಕುಳಿತುಕೊಳ್ಳಿ, ಆದಷ್ಟು ಅದೇ ನೆಲದ ಮೇಲೆ. ಅಮೆರಿಕದ ಸೇನೆ ತನ್ನ ತರಬೇತಿ ಕೇಂದ್ರಗಳಲ್ಲಿ ರೂಢಿಸಿದ ಕ್ರಮ ಇಲ್ಲಿಗೂ ಹೊಂದುತ್ತದೆ: ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡುತ್ತೇವೆ. ಎಲ್ಲರಿಗಿಂತ ಕಿರಿಯವನು ಮೊದಲು ಮಾತಾಡಲಿ, ನೀವು ಕೊನೆಗೆ. ನೀವು ಮೊದಲು ಅಭಿಪ್ರಾಯ ಹೇಳಿದರೆ ಆಮೇಲೆ ಬರುವುದೆಲ್ಲ ‘ಹೌದು ಉಸ್ತಾದ್’. ಎರಡನೇ ಪ್ರಶ್ನೆಯಲ್ಲಿ ಬರೀ ಸಂಗತಿ ಇರಲಿ. ಎಡಗಡೆಯ ಜೋಡಿ ಬದುವಿನ ಹಿಂದೆ ಎಷ್ಟು ಹೊತ್ತು ನಿಂತಿತು ಎಂಬಂಥದು. ಯಾರ ತಪ್ಪು ಎಂಬ ಮಾತು ಶುರುವಾದರೆ ತಡೆಯಿರಿ. ಕೊನೆಗೆ ಬದಲಾಯಿಸಬೇಕಾದದ್ದು ಎರಡಕ್ಕಿಂತ ಹೆಚ್ಚು ಬೇಡ, ಆ ಎರಡನ್ನು ಮುಂದಿನ ಅಭ್ಯಾಸದಲ್ಲೇ ಮಾಡಿಸಿ ನೋಡಿ.

ತಿದ್ದುವುದು, ರಗಡಾ ಮತ್ತು ಖಾಸಗಿ ಮಾತು

ರಗಡಾ, ಅಂದರೆ ಮೈ ದಣಿಸುವ ಶಿಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಹಳೆಯ ಗೆಳೆಯರಿಗೆ ಹಿಡಿಸುವುದಿಲ್ಲ. ಫ್ರಂಟ್ ರೋಲ್ ಹೊಡೆಸಿದರೆ ಬೆವರು ಬರುತ್ತದೆ, ನಕ್ಷೆ ಓದಲು ಬರುವುದಿಲ್ಲ. ಗೊತ್ತಿಲ್ಲದೆ ತಪ್ಪಿದವನಿಗೆ ಮತ್ತೆ ಪಾಠ, ಗೊತ್ತಿದ್ದೂ ತಪ್ಪಿಸಿದವನಿಗೆ ಅದೇ ಕೆಲಸವನ್ನು ಬಿಡುವಿನ ಹೊತ್ತಿನಲ್ಲಿ ಸರಿಯಾಗುವವರೆಗೆ ಮಾಡಿಸುವುದು. ಶಸ್ತ್ರ ಕೊಳಕಾಗಿಟ್ಟವನಿಗೆ ಶಸ್ತ್ರ ಸಾಫ್ ಮಾಡುವುದೇ ಶಿಕ್ಷೆಯಾಗಲಿ. ಒಬ್ಬನ ತಪ್ಪಿಗೆ ಒಂಬತ್ತು ಜನರನ್ನು ಓಡಿಸುವುದು ಕೆಲವರಿಗೆ ಒಗ್ಗಟ್ಟು ಕಟ್ಟುವ ಉಪಾಯವೆನಿಸುತ್ತದೆ. ಅದರಿಂದ ಕಟ್ಟುವುದು ಆ ಒಬ್ಬನ ವಿರುದ್ಧದ ಗುಂಪು. ಕೈ ಎತ್ತುವುದಂತೂ ಅಪರಾಧ. ಸೇನಾ ಕಾಯ್ದೆಯೇ ಅದನ್ನು ನೋಡಿಕೊಳ್ಳುತ್ತದೆ.

ಹೊಗಳಿಕೆ ಎಲ್ಲರೆದುರು, ತಿದ್ದುವುದು ಮರೆಯಲ್ಲಿ. ಎರಡೂ ನಿರ್ದಿಷ್ಟವಾಗಿರಲಿ. ‘ಶಾಬಾಶ್’ ಎಂದಷ್ಟೇ ಹೇಳಿದರೆ ಯಾವುದಕ್ಕೆ ಎಂದು ಅವನಿಗೆ ತಿಳಿಯದು. ತಿಂಗಳಿಗೊಮ್ಮೆ ಒಬ್ಬೊಬ್ಬನೊಂದಿಗೆ ಇಪ್ಪತ್ತು ನಿಮಿಷ ಒಂಟಿಯಾಗಿ ಕುಳಿತುಕೊಳ್ಳಿ. ಕಳೆದ ತಿಂಗಳು ಏನು ಒಪ್ಪಿಕೊಂಡಿದ್ದೆವು, ಎಷ್ಟು ಆಯಿತು, ಮುಂದಿನ ತಿಂಗಳಿಗೆ ಯಾವ ಒಂದು ವಿಷಯ. ಗೆಳೆತನ ಮತ್ತು ಪಟ್ಟಿಯ ನಡುವಿನ ಎಳೆದಾಟವೂ ಈ ಕೋಣೆಯಲ್ಲೇ ಬಗೆಹರಿಯಬೇಕು. ಹಳೆಯ ಗೆಳೆಯನಿಗೆ ಮೊದಲ ವಾರವೇ ನೇರವಾಗಿ ಹೇಳಿ: ಸಂಜೆ ನಾವು ಹಾಗೆಯೇ ಇರೋಣ, ಡ್ಯೂಟಿ ಪಟ್ಟಿಯಲ್ಲಿ ನಿನಗೆ ರಿಯಾಯಿತಿ ಇಲ್ಲ.

ಮನೆಯ ಭಾರ

ಊರಿನಲ್ಲಿ ಹೊಲದ ಬದುವಿನ ಜಗಳ ನಡೆಯುತ್ತಿರುವ ಹುಡುಗನಿಗೆ ಸಿಯಾಚಿನ್‌ನಲ್ಲಿ ನಿಂತರೂ ಕಣ್ಣು ಪಹಣಿಯ ಮೇಲೆಯೇ. ಇಲ್ಲಿ ನಾಯಕ್‌ಗೆ ಗೊತ್ತಿರಬೇಕಾದ ಸಂಗತಿಗಳಿವೆ. 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿಶೇಷ ಅಥವಾ ಯುದ್ಧ ಪರಿಸ್ಥಿತಿಯಲ್ಲಿ ಸೇವೆಯಲ್ಲಿದ್ದು ಕೋರ್ಟಿಗೆ ಬರಲಾಗದ ಸೈನಿಕನ ಸಿವಿಲ್ ಪ್ರಕರಣವನ್ನು, ನಿಗದಿತ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಮುಂದೂಡಲು ಅದರಲ್ಲಿ ಅವಕಾಶವಿದೆ. ಊರಿನ ವಕೀಲರಿಗೇ ಕೆಲವೊಮ್ಮೆ ಇದು ನೆನಪಿರುವುದಿಲ್ಲ. ಘಟಕದ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಡಳಿತಕ್ಕೆ ಪತ್ರ ಬರೆಸುವ ದಾರಿಯೂ ಇದೆ, ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯೂ ಇದೆ. ನೀವು ವಕೀಲರಾಗಬೇಕಿಲ್ಲ. ಅರ್ಜಿಯನ್ನು ಅವನ ಕೈಯಿಂದ ಬರೆಸಿ ಮೇಲಕ್ಕೆ ಕಳಿಸಿ, ಅದು ಎಲ್ಲಿ ನಿಂತಿದೆ ಎಂದು ಹದಿನೈದು ದಿನಕ್ಕೊಮ್ಮೆ ಕೇಳುತ್ತಿರಿ.

ಮೊಬೈಲಿನ ಸಾಲದ ಆ್ಯಪ್‌ಗಳು, ಹಣ ಕಟ್ಟಿ ಆಡುವ ಆಟಗಳು ಈಗಿನ ಹೊಸ ಕಾಯಿಲೆ. ಸಂಬಳದ ಮೊದಲ ವಾರದಲ್ಲೇ ಗೆಳೆಯರ ಬಳಿ ಸಾಲ ಕೇಳುವವನನ್ನು ಗಮನಿಸಿ. ಹುಡುಗ ಇದ್ದಕ್ಕಿದ್ದಂತೆ ಮೌನವಾದರೆ, ನಿದ್ದೆ ಬಿಟ್ಟರೆ, ತನ್ನ ಸಾಮಾನು ಹಂಚತೊಡಗಿದರೆ, ‘ಸಾಯಬೇಕೆನ್ನಿಸುತ್ತಿದೆಯೇ’ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅನುಮಾನ ಬಂದ ಗಳಿಗೆಯಿಂದ ಅವನನ್ನು ಒಂಟಿಯಾಗಿ ಬಿಡಬೇಡಿ, ಹತ್ಯಾರಿನ ಡ್ಯೂಟಿಯಿಂದ ತೆಗೆಸಿ, ಜೆಸಿಒ ಮತ್ತು ವೈದ್ಯಾಧಿಕಾರಿಗೆ ಅವತ್ತೇ ತಿಳಿಸಿ. ಗುಟ್ಟು ಕಾಪಾಡುತ್ತೇನೆ ಎಂದು ಮಾತು ಕೊಡಬೇಡಿ.

ಮುಂದಿನ ದಾರಿ ತೋರಿಸುವುದು

2022ರ ಜೂನ್‌ನಲ್ಲಿ ಅಗ್ನಿಪಥ್ ಭರ್ತಿ ಯೋಜನೆ ಘೋಷಣೆಯಾದ ಮೇಲೆ ಸೆಕ್ಷನ್ ಕಮಾಂಡರ್‌ನ ಲೆಕ್ಕವೇ ಬದಲಾಗಿದೆ. ಹುಡುಗ ನಿಮ್ಮ ಬಳಿ ಇರುವುದು ತರಬೇತಿಯೂ ಸೇರಿ ನಾಲ್ಕು ವರ್ಷದ ಒಳಗೆ. ಒಂದು ತಂಡದಲ್ಲಿ ಶೇಕಡಾ 25ರಷ್ಟು ಜನರವರೆಗೆ ಖಾಯಂ ಸೇವೆಗೆ ಹೋಗುತ್ತಾರೆ. ಉಳಿಯುವವನಿಗೂ ಹೊರಡುವವನಿಗೂ ಈ ನಾಲ್ಕು ವರ್ಷಗಳಲ್ಲಿ ಏನಾದರೂ ಕೈಗೆ ಹತ್ತಬೇಕು. ಹತ್ತನೇ ತರಗತಿ ಮುಗಿಸಿ ಬಂದ ಅಗ್ನಿವೀರರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಪದವಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯ ರೂಪಿಸಿರುವ ಕಾರ್ಯಕ್ರಮದಲ್ಲಿ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಕಲಿತ ಕೌಶಲಕ್ಕೇ ಸಿಗುತ್ತದೆ. ಖಾಯಂ ಜವಾನರಲ್ಲಿ ಓದಿನ ಹುಮ್ಮಸ್ಸಿರುವವನಿಗೆ ಆರ್ಮಿ ಕೆಡೆಟ್ ಕಾಲೇಜಿನ ದಾರಿ ತೋರಿಸಿ: ಅಲ್ಲಿ ಮೂರು ವರ್ಷ, ಆಮೇಲೆ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ ಮುಗಿಸಿದರೆ ಅವನು ಅಧಿಕಾರಿ. ನಾಳೆ ನೀವೇ ಅವನಿಗೆ ಸೆಲ್ಯೂಟ್ ಹೊಡೆಯಬೇಕಾದೀತು, ಹೊಡೆಯಿರಿ, ಸಂತೋಷದಿಂದ.

ಅರ್ಜಿಗಳ ಕೊನೆಯ ದಿನಾಂಕ ಬಹಳ ಸಲ ಘಟಕ ಅಭ್ಯಾಸಕ್ಕೆ ಹೊರಟಿರುವಾಗಲೇ ಬೀಳುತ್ತದೆ. ವರ್ಷದ ಆರಂಭದಲ್ಲೇ ಘಟಕದ ಶಿಕ್ಷಣ ವಿಭಾಗದಿಂದ ದಿನಾಂಕಗಳನ್ನು ತಂದು ಬ್ಯಾರಕ್‌ನ ಬಾಗಿಲ ಹಿಂದೆ ಅಂಟಿಸಿ. ಅಂಕಪಟ್ಟಿಯ ನಕಲುಗಳನ್ನು ರಜೆಗೆ ಹೋಗುವವನ ಕೈಯಲ್ಲಿ ಊರಿನ ಶಾಲೆಯಿಂದ ಮೊದಲೇ ತರಿಸಿಡಿ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇರುವುದು ನಮ್ಮ ಭಾಗದಲ್ಲಿ ತೀರಾ ಸಾಮಾನ್ಯ. ಅದನ್ನು ಸರಿಪಡಿಸಲು ಒಂದು ರಜೆ ಪೂರ್ತಿ ಹೋಗುತ್ತದೆ. ಆ ಕೆಲಸ ಅರ್ಜಿಯ ವರ್ಷಕ್ಕಿಂತ ಹಿಂದಿನ ವರ್ಷವೇ ಮುಗಿಯುವಂತೆ ನೋಡಿಕೊಳ್ಳಿ.